ಕುಡಿತದ ಚಿಕಿತ್ಸೆ: ಕೊನೆಯ ಗುಟುಕಿನಿಂದ ಮನೆಗೆ ಬಂದ ತೊಂಬತ್ತನೆಯ ದಿನದವರೆಗೆ

"ಮೂರು ತಿಂಗಳು ಸೆಂಟರಿನಲ್ಲಿ ಇಟ್ಟಿದ್ದೆವು, ಬಂದ ಹದಿನೈದೇ ದಿನಕ್ಕೆ ಮತ್ತೆ ಶುರು ಮಾಡಿದ." ಕುಡಿತದ ಚಿಕಿತ್ಸೆ ಕೊಡುವ ಕಡೆಯಲ್ಲೆಲ್ಲ ಮನೆಯವರ ಬಾಯಲ್ಲಿ ಕೇಳಿಬರುವ ಮಾತಿದು. ಬಹಳ ಸಲ ಇದಕ್ಕೆ ಕಾರಣ, ಕುಡಿತ ಬಿಡಿಸುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳದೆ ಇರುವುದು. ಮೊದಲನೆಯದು, ಮದ್ಯ ನಿಂತಾಗ ದೇಹಕ್ಕೆ ಬೀಳುವ ಹೊಡೆತವನ್ನು ಔಷಧಿ ಕೊಟ್ಟು ದಾಟಿಸುವುದು. ಅದು ಐದರಿಂದ ಹತ್ತು ದಿನದ್ದು, ವೈದ್ಯರು ಮಾಡುವಂಥದ್ದು. ಎರಡನೆಯದು, ಮತ್ತೆ ಕುಡಿಯದ ಹಾಗೆ ದಿನಚರಿ, ದುಡ್ಡು, ಸ್ನೇಹ, ನಿದ್ದೆ ಎಲ್ಲವನ್ನೂ ಹೊಸದಾಗಿ ಹೊಂದಿಸಿಕೊಳ್ಳುವುದು. ಇದಕ್ಕೆ ಕಡಿಮೆಯೆಂದರೂ ಒಂದು ವರ್ಷ ಬೇಕು, ಇದರ ಬಹುಪಾಲು ನಡೆಯುವುದು ಮನೆಯಲ್ಲಿ. ಕೇಂದ್ರದವರು ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಕೈಹಿಡಿದು ಬಿಡುತ್ತಾರೆ, ಅಷ್ಟೆ.

ಇದು ಮನೆಯವರಿಗಾಗಿ ಬರೆದದ್ದು. ಕುಡಿಯುವವರು ತಾವೇ ಓದಿದರೆ ಇನ್ನೂ ಒಳ್ಳೆಯದು.

ಮೊದಲು ಒಂದು ಚೀಟಿ ಬರೆಯಿರಿ

ವೈದ್ಯರು ಮೊದಲು ಕೇಳುವುದು "ಎಷ್ಟು ಕುಡಿಯುತ್ತಾರೆ?" ಎಂದು. "ತುಂಬಾ", "ಸುಮಾರು" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಕೊಡಬೇಕಾದ ಮಾತ್ರೆಯ ಪ್ರಮಾಣ ನಿಂತಿರುವುದೇ ಈ ಲೆಕ್ಕದ ಮೇಲೆ. ನಮ್ಮಲ್ಲಿ ಒಂದು ಯೂನಿಟ್ ಎಂದರೆ 10 ಗ್ರಾಂ ಶುದ್ಧ ಆಲ್ಕೊಹಾಲ್. ಶೇ 42.8ರ ವಿಸ್ಕಿ, ಬ್ರಾಂದಿ, ರಮ್ಮಿನ 30 ಮಿ.ಲೀ. ಪೆಗ್ಗಿನಲ್ಲಿ ಒಂದು ಯೂನಿಟ್ ಇರುತ್ತದೆ. 90 ಮಿ.ಲೀ.ಯ ಒಂದು ನೈಂಟಿಯಲ್ಲಿ ಮೂರು, 180ರ ಕ್ವಾರ್ಟರಿನಲ್ಲಿ ಆರು. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ನಾಲ್ಕು. "ಬರೀ ಬಿಯರು" ಎಂದು ಎರಡು ಬಾಟಲಿ ಕುಡಿಯುವವರು ಒಂದು ಕ್ವಾರ್ಟರಿಗಿಂತ ಹೆಚ್ಚು ಕುಡಿದಿರುತ್ತಾರೆ.

ಚೀಟಿಯಲ್ಲಿ ಇವಿಷ್ಟು ಇರಲಿ: ದಿನಕ್ಕೆ ಎಷ್ಟು, ಯಾವುದು, ಎಷ್ಟು ವರ್ಷದಿಂದ, ದಿನದ ಮೊದಲ ಗುಟುಕು ಎಷ್ಟು ಗಂಟೆಗೆ, ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಇಲ್ಲದ್ದು ಕಂಡಂತೆ ಮಾತಾಡಿದ್ದರೇ, ಕಾಮಾಲೆ, ರಕ್ತವಾಂತಿ, ಕಪ್ಪು ಮಲ, ತಲೆಗೆ ಪೆಟ್ಟು ಏನಾದರೂ ಆಗಿತ್ತೇ, ಸಕ್ಕರೆ ಕಾಯಿಲೆ, ಬಿಪಿ, ಟಿಬಿ ಔಷಧಿ ನಡೆಯುತ್ತಿದೆಯೇ, ನಿದ್ದೆ ಮಾತ್ರೆ, ಗಾಂಜಾ, ಗುಟ್ಕಾ, ಬೀಡಿ ಜೊತೆಗಿವೆಯೇ. ಸಾಯುವ ಮಾತಾಡಿದ್ದರೆ, ಯತ್ನ ಮಾಡಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ಅದನ್ನು ಮೊದಲ ಸಾಲಿನಲ್ಲಿ ಬರೆಯಿರಿ.

ಇದರಲ್ಲಿ ಹೆಚ್ಚು ತೂಕವಿರುವುದು ದಿನದ ಮೊದಲ ಗುಟುಕಿನ ಹೊತ್ತಿಗೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಬೇಕೆನಿಸುತ್ತಿದ್ದರೆ, ಕುಡಿದ ಮೇಲಷ್ಟೇ ಕೈನಡುಕ ನಿಂತು ಕಾಫಿ ಲೋಟ ಹಿಡಿಯಲು ಆಗುತ್ತಿದ್ದರೆ, ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದು ಅರ್ಥ. ಅಂಥವರು ವೈದ್ಯರನ್ನು ಕಾಣದೆ ನಿಲ್ಲಿಸಕೂಡದು.

ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆ

ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು, ಮದ್ಯ ತರುವ ಮಂಪರಿಗೆ ಎದುರಾಗಿ ಸದಾ ಏರಿದ ವೇಗದಲ್ಲಿ ಕೆಲಸ ಮಾಡುವುದನ್ನು ಕಲಿತಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ವೇಗಕ್ಕೆ ಬ್ರೇಕ್ ಇಲ್ಲದಂತಾಗುತ್ತದೆ. ಕೊನೆಯ ಗುಟುಕಿನ ನಂತರ ಸುಮಾರು 6ರಿಂದ 8 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ಎದೆ ಬಡಿತ, ಚಡಪಡಿಕೆ ಶುರುವಾಗುತ್ತವೆ. ಎರಡೂ ಕೈ ಮುಂದೆ ಚಾಚಿಸಿ, ಬೆರಳು ಅಗಲಿಸಿ, ಮುಂಗೈ ಮೇಲೆ ಒಂದು ಹಾಳೆ ಇಡಿ. ಕಣ್ಣಿಗೆ ಕಾಣದ ಸಣ್ಣ ನಡುಕವೂ ಹಾಳೆಯ ಅಂಚಿನಲ್ಲಿ ಎದ್ದು ಕಾಣುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ. ಎರಡನೆಯ ದಿನ ಕಳೆದು ನಾಲ್ಕನೆಯ ದಿನದೊಳಗೆ, ಅಂದರೆ 48ರಿಂದ 96 ಗಂಟೆಯ ನಡುವೆ ಬರುವುದು ಎಲ್ಲಕ್ಕಿಂತ ಅಪಾಯದ ಸ್ಥಿತಿ, ಡೆಲಿರಿಯಂ ಟ್ರೆಮೆನ್ಸ್.

ಇದನ್ನು ಗುರುತಿಸಲು ಮನೆಯವರು ಕಲಿಯಲೇಬೇಕು. ರೋಗಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ, ಮನೆಯಲ್ಲಿದ್ದೂ ಬಸ್‌ಸ್ಟ್ಯಾಂಡಿನಲ್ಲಿದ್ದೇನೆ ಎನ್ನುತ್ತಾರೆ. ಹೊದಿಕೆಯ ಮೇಲೆ ಇಲ್ಲದ ಹುಳು ಹೆಕ್ಕುತ್ತಾರೆ. ಡ್ರೈವರ್ ಆಗಿದ್ದವರು ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾರೆ, ದರ್ಜಿಯಾಗಿದ್ದವರು ಕಾಣದ ಸೂಜಿಗೆ ದಾರ ಪೋಣಿಸುತ್ತಾರೆ. ಜ್ವರ, ವಿಪರೀತ ಬೆವರು, ಏರಿದ ಬಿಪಿ ಜೊತೆಗಿರುತ್ತವೆ. ಇದನ್ನು "ಗಾಳಿ ಸೋಕಿದೆ" ಎಂದುಕೊಂಡು ಮಂತ್ರ ಹಾಕಿಸಲು ಓಡಾಡಿ ಒಂದು ರಾತ್ರಿ ಕಳೆದರೆ ಜೀವವೇ ಹೋಗಬಹುದು. 108ಕ್ಕೆ ಕರೆ ಮಾಡಿ, ಐಸಿಯು ಇರುವ ಆಸ್ಪತ್ರೆಗೆ ಒಯ್ಯಿರಿ. ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ, ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ.

ಥಟ್ಟನೆ ನಿಲ್ಲುವ ಸಂದರ್ಭಗಳನ್ನೂ ಮೊದಲೇ ಗುರುತಿಸಿಟ್ಟುಕೊಳ್ಳಿ. ಅಯ್ಯಪ್ಪ ಮಾಲೆ ಹಾಕಿದಾಗ, ದೇವರ ಮೇಲೆ ಆಣೆ ಮಾಡಿದಾಗ, ಮನೆಯವರೇ ಕೋಣೆಯಲ್ಲಿ ಕೂಡಿಹಾಕಿದಾಗ, ಕಾಲು ಮುರಿದು ಆಸ್ಪತ್ರೆಗೆ ಸೇರಿದಾಗ. 2020ರ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ಇದೇ ತೊಂದರೆಯಿಂದ ಎಷ್ಟೋ ಮಂದಿ ಆಸ್ಪತ್ರೆ ಸೇರಿದರು. ಮಾಲೆ ಹಾಕುವ ಮನಸ್ಸು ಒಳ್ಳೆಯದೇ, ಅದಕ್ಕೆ ಹತ್ತು ದಿನ ಮೊದಲು ವೈದ್ಯರನ್ನು ಕಂಡು ಮಾತ್ರೆಯ ನೆರವಿನಿಂದ ನಿಲ್ಲಿಸಿದರೆ ಆಯಿತು. ಆಪರೇಷನ್ ಆಗಬೇಕಾದವರ ಮನೆಯವರು ಸರ್ಜನ್‌ಗೆ ಕುಡಿತದ ವಿಷಯ ಬಾಯಿಬಿಟ್ಟು ಹೇಳಬೇಕು. ಹೇಳದೆ ಇದ್ದಲ್ಲಿ ಮೂರನೆಯ ದಿನ ರೋಗಿ ಡ್ರಿಪ್ ಕಿತ್ತುಕೊಂಡು ಏಳುತ್ತಾರೆ, ವಾರ್ಡಿನವರಿಗೆ ಏನೆಂದೇ ತಿಳಿದಿರುವುದಿಲ್ಲ.

ಇಂದು ರಾತ್ರಿ ವೈದ್ಯರು ಸಿಗುವಂತಿಲ್ಲ ಎಂದಾದರೆ, ಮರುದಿನ ಬೆಳಿಗ್ಗೆ ಆಸ್ಪತ್ರೆ ಮುಟ್ಟುವವರೆಗೆ ಇದ್ದದ್ದನ್ನು ಕಸಿದು ಚೆಲ್ಲಬೇಡಿ. ಗಾಡಿ ಕೀ ಮಾತ್ರ ಕೊಡಬೇಡಿ.

ಇನ್ನೊಂದು ಎಚ್ಚರ ಗ್ಲೂಕೋಸ್ ಬಾಟಲಿಯದು. ಸುಸ್ತಾದ ಕುಡುಕರಿಗೆ ಹಳ್ಳಿ ಕ್ಲಿನಿಕ್ಕಿನಲ್ಲಿ ಮೊದಲು ಏರಿಸುವುದೇ ಅದನ್ನು. ಊಟ ಬಿಟ್ಟು ಕುಡಿದವರ ದೇಹದಲ್ಲಿ ವಿಟಮಿನ್ ಬಿ1, ಅಂದರೆ ಥಯಾಮಿನ್, ಬಹುತೇಕ ಬತ್ತಿಹೋಗಿರುತ್ತದೆ. ಗ್ಲೂಕೋಸನ್ನು ಬಳಸಿಕೊಳ್ಳಲು ದೇಹಕ್ಕೆ ಥಯಾಮಿನ್ ಬೇಕು, ಉಳಿದಿದ್ದ ಚೂರೂ ಅದಕ್ಕೆ ಖರ್ಚಾಗಿ ಮೆದುಳು ಬರಿದಾಗುತ್ತದೆ. ಕಣ್ಣುಗುಡ್ಡೆ ಸರಿಯಾಗಿ ಹೊರಳದಿರುವುದು, ನಡಿಗೆ ತೂರಾಡುವುದು, ಗೊಂದಲ ಇದರ ಲಕ್ಷಣ. ತಡವಾದರೆ ಹೊಸದೇನನ್ನೂ ನೆನಪಿಡಲಾಗದ ಶಾಶ್ವತ ಮರೆವು ಉಳಿದುಬಿಡುತ್ತದೆ. ಕುಡಿದಿಲ್ಲದಿದ್ದರೂ ತೂರಾಡುತ್ತಿದ್ದಾರೆ ಎಂದರೆ ಕಾಯಬೇಡಿ. "ಡಾಕ್ಟರೇ, ಇವರು ದಿನಾ ಕುಡಿಯುತ್ತಾರೆ, ಗ್ಲೂಕೋಸಿಗೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡುತ್ತೀರಾ?" ಎಂದು ಕೇಳಲು ಸಂಕೋಚ ಬೇಡ.

ಸಾರಿನಲ್ಲಿ ಬೆರೆಸುವ ಪುಡಿ

"ಅವರಿಗೆ ಗೊತ್ತಾಗದಂತೆ ಊಟದಲ್ಲಿ ಹಾಕಿ, ವಾರದಲ್ಲಿ ಕುಡಿತ ಬಿಡುತ್ತಾರೆ" ಎಂಬ ಜಾಹೀರಾತನ್ನು ನಂಬಬೇಡಿ. ಅಂಥ ಪುಡಿಯಲ್ಲಿ ಏನಿದೆ ಎಂದು ತಿಳಿಯುವ ದಾರಿಯಿಲ್ಲ. ಅಂಗಡಿಯಲ್ಲಿ ಸಿಗುವ ಡೈಸಲ್ಫಿರಾಮ್ ಮಾತ್ರೆಯನ್ನೇ ಅರೆದು ಹಾಕುವವರೂ ಇದ್ದಾರೆ. ಅದು ದೇಹದಲ್ಲಿ ಮದ್ಯ ಪೂರ್ತಿ ಕರಗದಂತೆ ತಡೆಯುವ ಔಷಧಿ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಿದ್ದರೆ ಸಾವೂ ಸಂಭವಿಸುತ್ತದೆ. ತಿಳಿದು ಒಪ್ಪಿ ತೆಗೆದುಕೊಳ್ಳುವವರಿಗೆ ಇದು ನಿಜಕ್ಕೂ ಒಳ್ಳೆಯ ಊರುಗೋಲು. ತಿಳಿಸದೆ ಕೊಟ್ಟರೆ ವಿಷ ಹಾಕಿದಂತೆ, ಮುಂದೆ ಮನೆಯ ಅನ್ನವನ್ನೇ ಅವರು ನಂಬುವುದಿಲ್ಲ.

ಹೇಳುವ ಹೊತ್ತು, ಹೇಳುವ ರೀತಿ

ಅಮಲಿನಲ್ಲಿದ್ದಾಗ ಆಡಿದ ಮಾತು ಅವರ ನೆನಪಿನಲ್ಲಿ ಉಳಿಯುವುದಿಲ್ಲ, ಜಗಳವಷ್ಟೇ ಉಳಿಯುತ್ತದೆ. ಬೆಳಿಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ, ಒಬ್ಬರೇ ಇದ್ದಾಗ ಹೇಳಿ. ಹತ್ತು ವರ್ಷದ ಪಟ್ಟಿ ಬಿಚ್ಚದೆ, ನಿನ್ನೆ ನಡೆದ ಒಂದು ಸಂಗತಿ, ಇವತ್ತು ಮಾಡಬಹುದಾದ ಒಂದು ಕೆಲಸ, ಇಷ್ಟೇ ಇರಲಿ. "ರೀ, ನಿನ್ನೆ ಮಗಳ ಫೀಸಿನ ದುಡ್ಡು ಹೋಯ್ತು. ನಿಮ್ಮ ಕೈ ನಡುಗೋದು ನೋಡಿದ್ರೆ ಭಯ ಆಗುತ್ತೆ. ಹತ್ತು ಗಂಟೆಗೆ ಆಸ್ಪತ್ರೆಗೆ ಹೋಗಿ ಲಿವರ್ ಟೆಸ್ಟ್ ಮಾಡಿಸ್ಕೊಂಡು ಬರೋಣ, ನಾನೂ ಬರ್ತೀನಿ." ಕುಡಿತ ಬಿಡುವ ವಿಷಯಕ್ಕೆ ಒಪ್ಪದವರು ಹೊಟ್ಟೆನೋವಿಗೆ, ನಿದ್ದೆ ಬಾರದ್ದಕ್ಕೆ, ನಡುಕಕ್ಕೆ ವೈದ್ಯರ ಬಳಿ ಬರಲು ಒಪ್ಪುತ್ತಾರೆ. ಅಲ್ಲಿಂದ ಮುಂದಿನ ಮಾತು ವೈದ್ಯರಿಗೆ ಬಿಡಿ. ಅವರು ಒಪ್ಪಿದ ದಿನವೇ ಹೊರಡಬೇಕು. "ಹಬ್ಬ ಮುಗೀಲಿ" ಎಂದು ಮುಂದೂಡಿದ ಒಪ್ಪಿಗೆ ಹೆಚ್ಚಿನ ಸಲ ಹಬ್ಬದಲ್ಲೇ ಕರಗುತ್ತದೆ.

ಹೊಡೆಯುವವರಿದ್ದರೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಮೊದಲು ನೀವು, ಮಕ್ಕಳು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಎಲ್ಲಿಗೆ ಸೇರಿಸುವುದು

ಎಲ್ಲರಿಗೂ ಕೇಂದ್ರದಲ್ಲಿ ಉಳಿಯಬೇಕಾದ ಅಗತ್ಯವಿಲ್ಲ. ಹಿಂದೆ ಫಿಟ್ಸ್ ಬಾರದ, ಬೇರೆ ದೊಡ್ಡ ಕಾಯಿಲೆಯಿಲ್ಲದ, ಮನೆಯಲ್ಲಿ ನೋಡಿಕೊಳ್ಳುವವರಿರುವ ಬಹಳ ಮಂದಿ ಹೊರರೋಗಿಯಾಗಿಯೇ ಮಾತ್ರೆ ತೆಗೆದುಕೊಂಡು ನಿಲ್ಲಿಸುತ್ತಾರೆ. ಫಿಟ್ಸ್ ಅಥವಾ ಭ್ರಮೆಯ ಇತಿಹಾಸ, ಕಾಮಾಲೆ, ಆತ್ಮಹತ್ಯೆಯ ಯೋಚನೆ, ಮನೆಯಲ್ಲೇ ಕುಡಿಯುವ ಇನ್ನೊಬ್ಬರು, ಎರಡು ಮೂರು ಸಲ ಬಿಟ್ಟು ಸೋತದ್ದು ಇವಿದ್ದರೆ ದಾಖಲಾಗುವುದೇ ಸರಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲೂ ಇದೇ ಔಷಧಿ ಸಿಗುತ್ತದೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಎಂದು ವಿಚಾರಿಸಿ. ಕೇಂದ್ರ ಸರ್ಕಾರದ ಅನುದಾನದಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರಗಳ ವಿಳಾಸ ವ್ಯಸನಮುಕ್ತಿ ಸಹಾಯವಾಣಿ 14446ರಲ್ಲಿ ಸಿಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳು ಊರಲ್ಲೇ ನಡೆಯುತ್ತವೆ. ಅವುಗಳ ದೊಡ್ಡ ಬಲವೆಂದರೆ ಶಿಬಿರದ ನಂತರವೂ ಸೇರುವ, ಕುಡಿತ ಬಿಟ್ಟವರ ನವಜೀವನ ಸಮಿತಿ. ಫಿಟ್ಸ್ ಬಂದವರು, ಲಿವರ್ ಕೆಟ್ಟವರು ಮಾತ್ರ ಯಾವುದೇ ಶಿಬಿರಕ್ಕೆ ಮೊದಲು ಆಸ್ಪತ್ರೆಯಲ್ಲಿ ತೋರಿಸಿಕೊಂಡು ಹೋಗಬೇಕು.

ಖಾಸಗಿ ಕೇಂದ್ರವಾದರೆ ದುಡ್ಡು ಕಟ್ಟುವ ಮೊದಲು ಸ್ವತಃ ಹೋಗಿ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುವಿನಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಹೀಗಾಗಿ ಇಂಥವರನ್ನು ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಪತ್ರ ತೋರಿಸಿ ಎನ್ನಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ, ನಡುರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ಮನೆಯವರಿಗೂ ಕೌನ್ಸೆಲಿಂಗ್ ಇದೆಯೇ, ಬಿಡುಗಡೆಯ ನಂತರ ಯಾರು ನೋಡುತ್ತಾರೆ? ಮೂರನೆಯ ಪ್ರಶ್ನೆಗೆ ಆಸ್ಪತ್ರೆಯ ಹೆಸರು ಹೇಳಲು ತಡವರಿಸುವವರ ಬಳಿ ಬಿಡಬೇಡಿ. ಹೆಣ್ಣುಮಕ್ಕಳನ್ನು ಸೇರಿಸುವುದಾದರೆ ಪ್ರತ್ಯೇಕ ವಾರ್ಡ್, ಮಹಿಳಾ ಸಿಬ್ಬಂದಿ ಇರುವುದನ್ನು ಕಣ್ಣಾರೆ ನೋಡಿ. ಅವರ ಕುಡಿತವನ್ನು ಮನೆಯವರು ಮುಚ್ಚಿಡುವುದರಿಂದ ಅವರು ಚಿಕಿತ್ಸೆಗೆ ಬರುವಾಗ ಕಾಯಿಲೆ ಬಲಿತಿರುತ್ತದೆ.

"ರಾತ್ರಿ ನಾಲ್ಕು ಜನ ವ್ಯಾನ್‌ನಲ್ಲಿ ಬಂದು ಎತ್ತಿಕೊಂಡು ಹೋಗುತ್ತೇವೆ" ಎನ್ನುವವರನ್ನು, "ಮೂರು ತಿಂಗಳು ಫೋನೂ ಇಲ್ಲ, ಭೇಟಿಯೂ ಇಲ್ಲ" ಎನ್ನುವವರನ್ನು ದೂರವಿಡಿ. ರೋಗಿಯ ಒಪ್ಪಿಗೆಯಿಲ್ಲದೆ ದಾಖಲಿಸಲು ಹೆಂಡತಿಯ ಅಥವಾ ತಂದೆಯ ಸಹಿಯೊಂದೇ ಸಾಲದು. ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ರೋಗಿಯ ಪರವಾಗಿ ನಿಲ್ಲಲು ಕಾಯ್ದೆಯಂತೆ ಗೊತ್ತಾದವರ, ಅರ್ಜಿ ಬೇಕು, ಒಬ್ಬರು ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು. ತನಗೋ ಇನ್ನೊಬ್ಬರಿಗೋ ಅಪಾಯ ತರುವ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಅಷ್ಟಾದರೂ ಮಿತಿ 30 ದಿನ. ಅದನ್ನು ದಾಟಲು ಮತ್ತೆ ಬೇರೆ ವಿಧಿ ಇದೆ. ತಾವೇ ಒಪ್ಪಿ ಸೇರಿದವರು ಹೋಗುತ್ತೇನೆ ಎಂದರೆ ಬಿಡಬೇಕು, ಕೆಲವು ಸಂದರ್ಭದಲ್ಲಿ ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು. ಸರಪಳಿ ಹಾಕುವುದನ್ನು 95ನೇ ಸೆಕ್ಷನ್ ಪೂರ್ತಿ ನಿಷೇಧಿಸಿದೆ. ಏಟು ಹಾಕುವ ಕೇಂದ್ರದಿಂದ ಬಂದವರು ಸ್ವಲ್ಪ ದಿನ ಹೆದರಿ ಕುಡಿಯದೆ ಇರಬಹುದು. ಹೆದರಿಕೆ ಇಳಿದ ಮೇಲೆ ಕುಡಿತ ಮರಳುತ್ತದೆ, ಚಿಕಿತ್ಸೆ ಎಂಬ ಪದಕ್ಕೇ ಅವರು ಬೆಚ್ಚುತ್ತಾರೆ. ಅಂಥವರನ್ನು ಎರಡನೆಯ ಸಲ ಆಸ್ಪತ್ರೆಗೆ ಒಪ್ಪಿಸುವುದು ತುಂಬಾ ಕಷ್ಟ.

ಸೇರುವ ದಿನದ ಚೀಲ

ನಾಲ್ಕು ಜೊತೆ ಸಡಿಲ ಹತ್ತಿ ಬಟ್ಟೆ, ಒಂದು ಸ್ವೆಟರ್, ರಬ್ಬರ್ ಚಪ್ಪಲಿ, ಟವೆಲ್, ಕನ್ನಡಕ. ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ಹಳೆಯ ಸ್ಕ್ಯಾನ್, ರಕ್ತಪರೀಕ್ಷೆ ವರದಿ, ನಡೆಯುತ್ತಿರುವ ಮಾತ್ರೆಗಳ ಪಟ್ಟಿಯ ಬದಲು ಮಾತ್ರೆ ಶೀಟುಗಳೇ. ನೀವು ಬರೆದ ಚೀಟಿ. ಆಫ್ಟರ್‌ಶೇವ್, ಮೌತ್‌ವಾಶ್, ಸ್ಯಾನಿಟೈಸರ್, ಕೆಮ್ಮಿನ ಸಿರಪ್ ಬೇಡ, ಅವುಗಳಲ್ಲಿ ಆಲ್ಕೊಹಾಲ್ ಇರಬಹುದು. ದಾರಿಯಲ್ಲಿ "ಕೊನೆಯದೊಂದು" ಎಂದು ಕೇಳುವುದು ಸಾಮಾನ್ಯ. ಅದಕ್ಕಾಗಿ ಬಸ್‌ಸ್ಟ್ಯಾಂಡಿನಲ್ಲಿ ರಂಪ ಮಾಡಿಕೊಂಡು ಊರಿಗೆ ವಾಪಸ್ ಹೋಗುವುದಕ್ಕಿಂತ, ಕುಡಿದೇ ಬಂದರೂ ಆಸ್ಪತ್ರೆ ಮುಟ್ಟಿಸುವುದು ಮೇಲು. ಎಷ್ಟು ಹೊತ್ತಿಗೆ, ಎಷ್ಟು ಎಂದು ಚೀಟಿಗೆ ಸೇರಿಸಿ.

ಒಳಗೆ ನಡೆಯುವುದು

ಮೊದಲ ಮೂರು ನಾಲ್ಕು ದಿನ ಕೆಲವು ಗಂಟೆಗೊಮ್ಮೆ ನಾಡಿ, ಬಿಪಿ, ನಡುಕ, ಬೆವರು ನೋಡಿ ಅಂಕ ಹಾಕುತ್ತಾರೆ. ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಡಯಜೆಪಾಮ್, ಲಿವರ್ ಕೆಟ್ಟಿದ್ದರೆ ಲೋರಜೆಪಾಮ್ ಕೊಟ್ಟು, ದಿನದಿಂದ ದಿನಕ್ಕೆ ಇಳಿಸಿ, ಹತ್ತು ದಿನದೊಳಗೆ ನಿಲ್ಲಿಸುತ್ತಾರೆ. ಈ ಮಾತ್ರೆಗಳೂ ಚಟ ಹಿಡಿಸುವಂಥವು, ಮದ್ಯದ ಜೊತೆ ಸೇರಿದರೆ ಉಸಿರೇ ಕುಗ್ಗಬಹುದು. ಬಿಡುಗಡೆಯಾದ ಮೇಲೆ "ನಿದ್ದೆಗೆ" ಎಂದು ಮೆಡಿಕಲ್ ಶಾಪಿನಲ್ಲಿ ತಂದುಕೊಡುವುದು ಬೇಡ. ಲಿವರ್ ಪರೀಕ್ಷೆ, ಪ್ಲೇಟ್‌ಲೆಟ್, ಸಕ್ಕರೆ, ಹೊಟ್ಟೆಯ ಸ್ಕ್ಯಾನ್ ಈ ದಿನಗಳಲ್ಲೇ ಆಗುತ್ತವೆ.

ನಾಲ್ಕನೆಯ ಐದನೆಯ ದಿನ ನಡುಕ ನಿಂತು, ಹಸಿವು ಮರಳಿ, ಮುಖದಲ್ಲಿ ಕಳೆ ಬರುತ್ತದೆ. ಆಗಲೇ ಮನೆಗೆ ಆ ಫೋನ್ ಬರುವುದು: "ನಂಗೆ ಪೂರ್ತಿ ಹುಷಾರಾಗಿದೆ, ಇಲ್ಲಿ ಊಟ ಸರಿಯಿಲ್ಲ, ಇನ್ನು ಜನ್ಮದಲ್ಲಿ ಮುಟ್ಟಲ್ಲ, ಬಂದು ಕರ್ಕೊಂಡು ಹೋಗಿ." ಆ ಮಾತಿನಲ್ಲಿ ಸುಳ್ಳೇನಿಲ್ಲ, ಅವರಿಗೆ ಆ ಹೊತ್ತಿಗೆ ಹಾಗೇ ಅನ್ನಿಸುತ್ತಿರುತ್ತದೆ. ಆದರೆ ಇಳಿದಿರುವುದು ದೇಹದ ತಗಾದೆ ಮಾತ್ರ. ಈ ದಿನ ಅಮ್ಮ ಕರಗಿ ಆಟೋ ಮಾಡಿಕೊಂಡು ಹೋದರೆ ಎರಡನೆಯ ಕೆಲಸ ಶುರುವಾಗುವ ಮೊದಲೇ ನಿಂತಂತೆ. ದೂರು ಇದ್ದರೆ ಕೇಳಿಸಿಕೊಳ್ಳಿ. ಹೊಡೆತ, ಬೈಗುಳದ ದೂರಾದರೆ ಅಂದೇ ಹೋಗಿ ನೋಡಿ. ಉಳಿದದ್ದಕ್ಕೆ "ಭಾನುವಾರ ಬರ್ತೀನಿ, ಡಾಕ್ಟರ ಜೊತೆ ಕೂತು ಮಾತಾಡೋಣ" ಎನ್ನಿ, ಭಾನುವಾರ ತಪ್ಪದೆ ಹೋಗಿ.

ಎರಡನೆಯ ವಾರದಿಂದ ಕೌನ್ಸೆಲಿಂಗ್, ಗುಂಪು ಸಭೆ, ಯಾವ ಹೊತ್ತು ಯಾವ ಜಾಗ ಯಾರ ಜೊತೆ ಕುಡಿಯಬೇಕೆನಿಸುತ್ತದೆ ಎಂಬ ಲೆಕ್ಕ ನಡೆಯುತ್ತದೆ. ಮತ್ತೆ ಕುಡಿಯದಂತೆ ನೆರವಾಗುವ ಮಾತ್ರೆಯ ನಿರ್ಧಾರವೂ ಆಗಲೇ. ನಾಲ್ಟ್ರೆಕ್ಸೋನ್ ದಿನಕ್ಕೆ 50 ಮಿ.ಗ್ರಾಂ. ಒಂದು ಮಾತ್ರೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಕೂಡದು. ಅಕಾಂಪ್ರೊಸೇಟ್ 333 ಮಿ.ಗ್ರಾಂ. ಮಾತ್ರೆ ಸಾಮಾನ್ಯವಾಗಿ ಎರಡೆರಡರಂತೆ ಮೂರು ಹೊತ್ತು, ಲಿವರ್ ಕೆಟ್ಟವರಿಗೂ ಆಗುತ್ತದೆ, ಕಿಡ್ನಿ ಕೆಟ್ಟವರಿಗೆ ಆಗದು. ಡೈಸಲ್ಫಿರಾಮ್ ಸಾಮಾನ್ಯವಾಗಿ ದಿನಕ್ಕೆ 250 ಮಿ.ಗ್ರಾಂ. ಯಾವುದು ಹೊಂದುತ್ತದೆ ಎಂಬುದು ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಬೇಕಾದದ್ದು. ಈ ಮೂರರ ಬಗ್ಗೆ ಕೇಂದ್ರದಲ್ಲಿ ಯಾರೂ ಬಾಯಿಯೇ ಬಿಡದಿದ್ದರೆ ನೀವೇ ಕೇಳಿ. ಎಷ್ಟೋ ಜನಕ್ಕೆ ಇವು ಇವೆ ಎಂದೇ ತಿಳಿಯದೆ ಬಿಡುಗಡೆಯಾಗುತ್ತದೆ.

ಅವರು ಒಳಗಿರುವಾಗ ಮನೆಯಲ್ಲಿ

ಈ ದಿನಗಳನ್ನು ಬರೀ ಕಾಯುತ್ತ ಕಳೆಯಬೇಡಿ. ಸ್ನಾನದ ಮನೆಯ ಅಟ್ಟ, ಗಾಡಿಯ ಸೀಟಿನ ಕೆಳಗೆ, ಕೊಟ್ಟಿಗೆ, ಬಾವಿಕಟ್ಟೆ, ಹೊಲದ ಪಂಪ್‌ಸೆಟ್ ಮನೆ, ಎಲ್ಲ ಕಡೆ ಹುಡುಕಿ ಇದ್ದದ್ದನ್ನು ತೆಗೆಯಿರಿ. ಬರೀ ಖಾಲಿ ಬಾಟಲಿಗೂ ಆಸೆ ಕೆರಳಿಸುವ ಶಕ್ತಿ ಇದೆ. ಡೈಸಲ್ಫಿರಾಮ್ ಶುರುವಾಗಿದ್ದರೆ ಔಷಧಿ ಡಬ್ಬಿಯನ್ನೂ ನೋಡಿ. ದ್ರಾಕ್ಷಾರಿಷ್ಟ, ಅಶೋಕಾರಿಷ್ಟದಂಥ ಅರಿಷ್ಟ, ಆಸವಗಳಲ್ಲಿ ಹುದುಗುವಾಗ ತಾನೇ ಹುಟ್ಟಿದ ಆಲ್ಕೊಹಾಲ್ ಇರುತ್ತದೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಕೂಡ ಇದರ ಜೊತೆ ಕೂಡದು.

ಸಾಲದ ಪಟ್ಟಿ ಮಾಡಿ: ಬಾರಿನ ಖಾತೆ, ಕೈಸಾಲ, ಸಂಘದ ಕಂತು, ಅಡವಿಟ್ಟ ಒಡವೆ. ಮನೆಗೆ ಬಂದ ದಿನವೇ ಸಾಲಗಾರರು ಬಾಗಿಲಿಗೆ ಬಂದರೆ ಮೊದಲ ವಾರ ಉಳಿಯುವುದಿಲ್ಲ. ಒಬ್ಬೊಬ್ಬರನ್ನೂ ಕಂಡು ಎರಡು ತಿಂಗಳ ಗಡುವು ಕೇಳಿ. ಸಂಬಳ ಮೂರು ತಿಂಗಳ ಮಟ್ಟಿಗೆ ಅವರ ಒಪ್ಪಿಗೆಯಿಂದಲೇ ಮನೆಯ ಇನ್ನೊಬ್ಬರ ಖಾತೆಗೆ ಹೋಗಲಿ, ದಿನದ ಖರ್ಚಿಗೆ ಬೇಕಾದಷ್ಟು ಅವರ ಕೈಯಲ್ಲಿರಲಿ. ಹತ್ತು ರೂಪಾಯಿಗೂ ಬೇಡುವಂತೆ ಮಾಡಿದರೆ ಅವಮಾನವಾಗುತ್ತದೆ, ಅವಮಾನ ಅವರನ್ನು ಬಾರಿಗೇ ತಳ್ಳುತ್ತದೆ.

ನಿಮಗೂ ನೆರವು ಬೇಕು. ವರ್ಷಗಟ್ಟಲೆ ರಾತ್ರಿ ಬಾಗಿಲ ಸದ್ದಿಗೆ ಕಿವಿಗೊಟ್ಟು ಮಲಗಿದವರ ನಿದ್ದೆ, ನರ ಎಲ್ಲವೂ ಹಾಳಾಗಿರುತ್ತವೆ. ಕುಡಿಯುವವರ ಮನೆಯವರಿಗಾಗಿಯೇ ಇರುವ ಅಲ್-ಅನಾನ್ ಸಭೆಗಳಿಗೆ ಹೋಗಿ, ಇಲ್ಲವೇ ಕೇಂದ್ರದ ಕೌನ್ಸೆಲರ್ ಬಳಿ ನಿಮ್ಮ ಪಾಲಿನ ಒಂದು ಗಂಟೆ ಕೇಳಿ ಪಡೆಯಿರಿ. ಮಕ್ಕಳಿಗೆ "ಅಪ್ಪ ಊರಿಗೆ ಹೋಗಿದ್ದಾರೆ" ಎನ್ನಬೇಡಿ. "ಅಪ್ಪನಿಗೆ ಕುಡಿತದ ಕಾಯಿಲೆ, ಆಸ್ಪತ್ರೆಯಲ್ಲಿದ್ದಾರೆ, ಇದು ನಿನ್ನಿಂದ ಬಂದದ್ದಲ್ಲ" ಎಂದು ಹೇಳಿ.

ಮೊದಲ ತೊಂಬತ್ತು ದಿನ

ಮರುಕಳಿಸುವ ಅಪಾಯ ಹೆಚ್ಚಿರುವುದು ಈ ಮೂರು ತಿಂಗಳಲ್ಲೇ. ನಿದ್ದೆ ಸರಿಹೋಗಲು ವಾರಗಳು ಬೇಕು, ಸಿಡುಕು, ಮಂಕು ಇರುತ್ತವೆ. ಇದನ್ನು ಕಂಡು "ಕುಡೀತಿದ್ದಾಗಲೇ ಚೆನ್ನಾಗಿದ್ದ" ಎಂದು ಯಾರೂ ಅನ್ನಬಾರದು. ಮಂಕು ಎರಡು ಮೂರು ವಾರ ದಾಟಿಯೂ ಇಳಿಯದಿದ್ದರೆ ಖಿನ್ನತೆ ಇರಬಹುದು, ವೈದ್ಯರಿಗೆ ಹೇಳಿ.

ಮಾತ್ರೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಮನೆಯ ಒಬ್ಬರ ಎದುರಿಗೆ. ಪೊಲೀಸರಂತೆ ಬಾಯಿ ತೆರೆಸಿ ನೋಡಬೇಡಿ, ಲೋಟ ನೀರು ಕೊಟ್ಟು ಎದುರಿಗೆ ಕೂತರೆ ಸಾಕು. ಡೈಸಲ್ಫಿರಾಮ್ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಮದ್ಯದ ಜೊತೆ ಪ್ರತಿಕ್ರಿಯೆ ಆಗಬಹುದು ಎಂಬುದು ಇಬ್ಬರಿಗೂ ತಿಳಿದಿರಲಿ.

ಆಸೆ ಅಲೆಯ ಹಾಗೆ ಬರುತ್ತದೆ. ಏರಿ, ಇಪ್ಪತ್ತು ಮೂವತ್ತು ನಿಮಿಷದಲ್ಲಿ ಬಹುತೇಕ ತಾನೇ ಇಳಿಯುತ್ತದೆ. ಆ ಅರ್ಧ ಗಂಟೆಗೆ ಮಾಡುವ ಕೆಲಸ ಮೊದಲೇ ಗೊತ್ತಿರಬೇಕು. ಇದ್ದ ಜಾಗ ಬಿಟ್ಟು ಏಳುವುದು, ಎರಡು ಲೋಟ ಮಜ್ಜಿಗೆಯೋ ನೀರೋ ಕುಡಿಯುವುದು, ಏನಾದರೂ ತಿನ್ನುವುದು, ಗೊತ್ತುಮಾಡಿಕೊಂಡ ಒಬ್ಬರಿಗೆ ಫೋನ್ ಮಾಡುವುದು. ಹಸಿದ ಹೊಟ್ಟೆಯಲ್ಲಿ ಆಸೆ ಹೆಚ್ಚು, ಆದ್ದರಿಂದ ಸಂಜೆ ಆರರ ಹೊತ್ತಿಗೆ ಹೊಟ್ಟೆ ತುಂಬ ತಿಂಡಿ ಇರಲಿ. ದಿನಾ ಬಾರಿನ ಎದುರು ಹಾದು ಬರುವ ದಾರಿ ಇದ್ದರೆ ಒಂದು ಸ್ಟಾಪ್ ಮೊದಲೇ ಇಳಿದು ಬೇರೆ ದಾರಿಯಲ್ಲಿ ಬರುವುದು ದೊಡ್ಡ ಉಪಾಯ. ಸಂಬಳದ ದಿನ ಮನೆಯವರೊಬ್ಬರು ಕೆಲಸದ ಜಾಗಕ್ಕೇ ಹೋಗಿ ಜೊತೆಗೆ ಬನ್ನಿ. ಬಾಡೂಟ, ಜಾತ್ರೆ, ಬೀಗರೂಟ ಮೊದಲ ಮೂರು ತಿಂಗಳು ಬೇಡ. ಸಾವಿನ ಮನೆಗೆ ಹೋಗಲೇಬೇಕಾದರೆ ಜೊತೆಗೊಬ್ಬರು ಇದ್ದು, ಕತ್ತಲಾಗುವ ಮೊದಲೇ ಹೊರಡಿ. "ಒಂದೇ ಒಂದು ಹಾಕೋ" ಎನ್ನುವವರಿಗೆ ಕೊಡುವ ಉತ್ತರವನ್ನು ಮನೆಯಲ್ಲೇ ಹೇಳಿ ಅಭ್ಯಾಸ ಮಾಡಿ: "ಲಿವರ್ ಮಾತ್ರೆ ನಡೀತಿದೆ ಮಾರಾಯ, ಕುಡಿದ್ರೆ ಆಸ್ಪತ್ರೆಗೆ ಹೋಗ್ಬೇಕಾಗುತ್ತೆ." ವಾದಕ್ಕೆ ನಿಂತರೆ ಸೋಲುತ್ತಾರೆ, ಚುಟುಕಾಗಿ ಹೇಳಿ ಎದ್ದು ಬರಬೇಕು.

ವೈದ್ಯರ ಭೇಟಿ ಮೊದಲ ತಿಂಗಳು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಕುಡಿತ ಬಿಡುವವರು, ಬಿಟ್ಟವರು ತಾವೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಶುಲ್ಕವಿಲ್ಲ, ಹೆಸರು ದಾಖಲೆಯಿಲ್ಲ. ಮೊದಲ ಸಭೆ ಹಿಡಿಸದಿದ್ದರೆ ಬೇರೆ ಕಡೆಯ ಇನ್ನೆರಡು ಸಭೆ ನೋಡಿ ಆಮೇಲೆ ನಿರ್ಧರಿಸಲಿ.

ಜಾರಿದರೆ

ಒಂದು ಸಂಜೆ ವಾಸನೆ ಬಂತು ಎಂದುಕೊಳ್ಳಿ. ಅಂದು ರಾತ್ರಿ ವಿಚಾರಣೆ ಬೇಡ. ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದವರಾದರೆ ಮಾತ್ರ ತಕ್ಷಣ ಆಸ್ಪತ್ರೆ, ಮಾತ್ರೆ ಶೀಟ್ ಕೈಯಲ್ಲಿರಲಿ. ಉಳಿದವರನ್ನು ಮಗ್ಗುಲಾಗಿ ಮಲಗಿಸಿ, ಉಸಿರಿನ ಮೇಲೆ ಗಮನವಿಡಿ. ತಿಂಗಳುಗಟ್ಟಲೆ ಬಿಟ್ಟ ದೇಹಕ್ಕೆ ಹಿಂದಿನ ಅಳತೆ ತಡೆಯುವ ಶಕ್ತಿ ಇರುವುದಿಲ್ಲ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ 108.

ಬೆಳಿಗ್ಗೆ ಎದ್ದ ಮೇಲೆ ಕೇಳಬೇಕಾದ್ದು, ಕುಡಿಯುವ ಮುಂಚಿನ ಎರಡು ಮೂರು ಗಂಟೆಯ ಸಂಗತಿ. ಎಲ್ಲಿದ್ದರು, ಜೊತೆಗೆ ಯಾರು, ಊಟ ಆಗಿತ್ತೇ, ಜಗಳ ಆಗಿತ್ತೇ, ಜೇಬಿನಲ್ಲಿ ಎಷ್ಟಿತ್ತು, ಅಂದಿನ ಮಾತ್ರೆ ತೆಗೆದುಕೊಂಡಿದ್ದರೇ. ಬೈಯದೆ ಕೇಳಿದರೆ ಹೆಚ್ಚಿನವರು ನಿಜ ಹೇಳುತ್ತಾರೆ. ಅದನ್ನು ಹಳೆಯ ಚೀಟಿಯ ಹಿಂಬದಿಗೆ ಬರೆದುಕೊಂಡು ಅಂದೇ ವೈದ್ಯರಿಗೆ ಫೋನ್ ಮಾಡಿ. ಒಂದೇ ಸಂಜೆಯಾಗಿದ್ದರೆ ಸಾಮಾನ್ಯವಾಗಿ ಮಾತ್ರೆ, ಭೇಟಿ ಬಿಗಿ ಮಾಡಿ ಮುಂದುವರಿಸುತ್ತಾರೆ. ಹಲವು ದಿನ ಸತತ ಕುಡಿದಿದ್ದರೆ ಮತ್ತೆ ಮನೆಯಲ್ಲೇ ನಿಲ್ಲಿಸುವ ಸಾಹಸ ಬೇಡ. ಬಿಟ್ಟು ಹಿಡಿದು ಬಿಟ್ಟು ಹಿಡಿದವರಿಗೆ ಪ್ರತಿ ಸಲವೂ ನಿಲ್ಲಿಸಿದಾಗಿನ ತೊಂದರೆ ಹಿಂದಿನದಕ್ಕಿಂತ ಜೋರಾಗಬಹುದು, ಮೊದಲು ಬಾರದಿದ್ದ ಫಿಟ್ಸ್ ಈ ಸಲ ಬರಬಹುದು. ಅದೇ ಚೀಲ, ಅದೇ ಚೀಟಿ ಹಿಡಿದು ಬೆಳಗಿನ ಮೊದಲ ಬಸ್ಸಿಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.